ಅರ್ಧ ಹೊಲಿದ ಕೌದಿಯನ್ನು ಎತ್ತಿಡುವ ಬಗೆ

(ಹೊಲಿಗೆ ಮತ್ತು ಕೈತೋಟದ ಆಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಕಪಾಟಿನಲ್ಲಿ ಅರ್ಧಕ್ಕೆ ನಿಂತ ಕೌದಿಗಳು, ಅಂಗಳದಲ್ಲಿ ನಾಟಿಗೆ ಕಾದಿರುವ ಸಸಿಗಳು, ನಡುವೆ ಮನೆ, ಕಚೇರಿ, ಮಕ್ಕಳು, ಹಿರಿಯರು. ಹೀಗೆ ಬದುಕುವ ನಮ್ಮಂಥವರನ್ನು ಜನ ಆರಂಭಶೂರರು ಎಂದುಬಿಡುತ್ತಾರೆ. ಹಿಡಿದದ್ದನ್ನು ಮುಗಿಸಿ ಇನ್ನೊಂದಕ್ಕೆ ಕೈ ಹಾಕಬೇಕು ಎನ್ನುವ ಬುದ್ಧಿಮಾತನ್ನು ಇಲ್ಲಿರುವ ಪ್ರತಿಯೊಬ್ಬರೂ ಕೇಳಿರುತ್ತೀರಿ. ಕೇಳಲು ಅದು ಸರಿಯಾಗಿಯೇ ಇದೆ. ಆದರೆ ಕೌದಿಗೆ ಒಗ್ಗುವುದಿಲ್ಲ, ತೋಟಕ್ಕಂತೂ ಸ್ವಲ್ಪವೂ ಒಗ್ಗುವುದಿಲ್ಲ. ತೋಟ ಯಾವತ್ತಾದರೂ ಮುಗಿದದ್ದುಂಟೇ? ಬದನೆ ಕಾಯಿ ಬಿಡುವ ಹೊತ್ತಿಗೆ ಸೊಪ್ಪಿನ ಮಡಿ ಖಾಲಿಯಾಗಿರುತ್ತದೆ, ಅದನ್ನು ತುಂಬಿಸುವಷ್ಟರಲ್ಲಿ ಬಳ್ಳಿಗೆ ಚಪ್ಪರ ಬೇಕಾಗಿರುತ್ತದೆ.

ಆದ್ದರಿಂದ ಇವತ್ತು ನಾನು ಕೌದಿಯನ್ನು ಬೇಗ ಮುಗಿಸುವ ಉಪಾಯಗಳನ್ನು ಹೇಳುವುದಿಲ್ಲ. ಕೈಯಲ್ಲಿರುವ ಕೆಲಸವನ್ನು ಎಲ್ಲಿ ನಿಲ್ಲಿಸಬೇಕು, ಯಾವ ಸ್ಥಿತಿಯಲ್ಲಿ ಎತ್ತಿಡಬೇಕು, ತಿಂಗಳುಗಟ್ಟಲೆ ಬಿಟ್ಟು ಮತ್ತೆ ಬಿಚ್ಚಿದಾಗ ಕೈ ತಡವರಿಸದೆ ಮುಂದುವರಿಯಲು ಏನು ಮಾಡಿರಬೇಕು, ಇದನ್ನು ಹೇಳುತ್ತೇನೆ. ನಿಲ್ಲಿಸುವುದೂ ಕಲಿಯಬೇಕಾದ ವಿದ್ಯೆಯೇ. ಅದನ್ನು ಕಲಿತವರ ಮನೆಯಲ್ಲಿ ಕೌದಿಗಳು ಕಾಯುತ್ತಿರುತ್ತವೆ. ಕಲಿಯದವರ ಮನೆಯಲ್ಲಿ ಮೂಲೆಗುಂಪಾಗುತ್ತವೆ.

ಮೊದಲು ಕೌದಿಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಒಂದು ಕೌದಿಯಲ್ಲಿ ಐದಾರು ಕೆಲಸಗಳಿವೆ. ಒಂದೊಂದಕ್ಕೂ ಬೇಕಾದ ಜಾಗ, ಬೆಳಕು, ಮನಸ್ಸು ಬೇರೆ ಬೇರೆ. ಬಣ್ಣ ಹೊಂದಿಸುವುದಕ್ಕೆ ಹಗಲು ಬೆಳಕು ಬೇಕೇ ಬೇಕು. ರಾತ್ರಿ ದೀಪದ ಕೆಳಗೆ ಒಂದೇ ಬಣ್ಣದಂತೆ ಕಂಡ ಎರಡು ನೀಲಿಗಳು ಬೆಳಿಗ್ಗೆ ಕಿಟಕಿಯ ಬಳಿ ಒಂದಕ್ಕೊಂದು ಸಂಬಂಧವೇ ಇಲ್ಲದಂತೆ ಕಾಣುತ್ತವೆ. ಕತ್ತರಿಸುವುದಕ್ಕೆ ದೊಡ್ಡ ಮೇಜು ಬೇಕು, ಯಾರೂ ಕೂಗದ ಒಂದು ಗಂಟೆ ಬೇಕು. ಹೊಲಿಗೆಯನ್ನು ಬಿಚ್ಚಬಹುದು, ಕತ್ತರಿಸಿದ ಬಟ್ಟೆಯನ್ನು ಕೂಡಿಸಲಾಗದು. ತುಂಡುಗಳನ್ನು ಯಂತ್ರದಲ್ಲಿ ಜೋಡಿಸುವ ಕೆಲಸ ಅರ್ಧರ್ಧ ಗಂಟೆಯಲ್ಲೂ ನಡೆಯುತ್ತದೆ. ಮೇಲಿನ ಪದರ, ನಡುವಿನ ಹತ್ತಿಯ ಪದರ, ಅಡಿಯ ಬಟ್ಟೆ ಮೂರನ್ನೂ ಸೇರಿಸಿ ಕಚ್ಚಾ ಹೊಲಿಗೆ ಹಾಕುವುದಕ್ಕೆ ಇಡೀ ಕೋಣೆಯ ನೆಲ ಬೇಕು, ಮಂಡಿ ಗಟ್ಟಿಯಿರಬೇಕು. ಆಮೇಲಿನ ಕೈಹೊಲಿಗೆ ಮಾತ್ರ ಉದಾರಿ. ತೊಡೆಯ ಮೇಲೆ ಹರಡಿಕೊಂಡು ಮಾತನಾಡುತ್ತಲೇ ಮಾಡಬಹುದು. ಅಂಚುಪಟ್ಟಿಯೂ ಹಾಗೆಯೇ.

ಇದನ್ನು ಒಪ್ಪಿದರೆ ಒಂದೇ ಸಲ ಹಲವು ಕೌದಿಗಳು ಕೈಯಲ್ಲಿರುವುದರಲ್ಲಿ ತಪ್ಪೇನೂ ಕಾಣುವುದಿಲ್ಲ. ಒಂದು ಕತ್ತರಿಸುವ ಹಂತದಲ್ಲಿ, ಒಂದು ಜೋಡಣೆಯಲ್ಲಿ, ಒಂದು ಕೈಹೊಲಿಗೆಯಲ್ಲಿ ಇದ್ದರೆ ದಿನ ಹೇಗೇ ಬರಲಿ, ಆ ದಿನಕ್ಕೆ ಹೊಂದುವ ಕೆಲಸ ಸಿಗುತ್ತದೆ. ಆಸ್ಪತ್ರೆಯಲ್ಲಿ ಯಾರಿಗೋ ಜೊತೆಯಾಗಿ ಕುಳಿತಿರಬೇಕಾದ ದಿನ ಕತ್ತರಿಸುವ ಕೆಲಸ ಸಾಧ್ಯವಿಲ್ಲ, ಷಟ್ಕೋನದ ತುಂಡುಗಳನ್ನು ಕೈಯಲ್ಲಿ ಜೋಡಿಸುವುದು ಸಾಧ್ಯ. ತೊಂದರೆ ಬರುವುದು ಎಲ್ಲವೂ ಒಂದೇ ಹಂತದಲ್ಲಿ ಸಿಕ್ಕಿಕೊಂಡಾಗ. ನಿಮ್ಮ ಕಪಾಟು ತೆರೆದು ನೋಡಿ: ಹೆಚ್ಚಿನವು ಮೇಲ್ಪದರ ಮುಗಿದು, ಮೂರು ಪದರ ಸೇರಿಸುವ ಹಂತಕ್ಕೆ ಬಂದು ನಿಂತಿರುತ್ತವೆ. ಆ ಕೆಲಸ ನೆಲ ಕೇಳುತ್ತದೆ, ಇನ್ನೊಂದು ಜೊತೆ ಕೈ ಕೇಳುತ್ತದೆ, ಅರ್ಧ ದಿನ ಕೇಳುತ್ತದೆ. ಅದರಲ್ಲಿ ಬಣ್ಣದ ಸಂತೋಷವೂ ಇಲ್ಲ, ಮುಗಿಸಿದ ಸಂತೋಷವೂ ಇಲ್ಲ. ಎಲ್ಲರೂ ಮುಂದೂಡುತ್ತಾರೆ.

ಇದಕ್ಕೆ ನನಗೆ ಗೊತ್ತಿರುವ ಒಳ್ಳೆಯ ದಾರಿ, ಗೆಳತಿಯರು ಸೇರಿ ಒಂದೇ ದಿನ ಎಲ್ಲರ ಕೌದಿಗೂ ಕಚ್ಚಾ ಹೊಲಿಗೆ ಹಾಕುವುದು. ನಾಲ್ಕು ಜನ ನಾಲ್ಕು ಬದಿಯಲ್ಲಿ ಕುಳಿತು ಅಡಿಯ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದರೆ, ಒಬ್ಬರೇ ಒದ್ದಾಡುವ ಕೆಲಸ ಮಾತಿನಲ್ಲೇ ಮುಗಿಯುತ್ತದೆ. ಇನ್ನೊಂದು ದಾರಿ, ಆ ಹಂತವೇ ಇಲ್ಲದ ಪದ್ಧತಿಯನ್ನು ಹಿಡಿಯುವುದು. ಉತ್ತರ ಕನ್ನಡದಲ್ಲಿರುವ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕೌದಿಯನ್ನು ಗಮನಿಸಿ. ಅವರು ಮೇಲ್ಪದರವನ್ನು ಬೇರೆಯಾಗಿ ಸಿದ್ಧಪಡಿಸುವುದಿಲ್ಲ. ಅಡಿಯ ಬಟ್ಟೆಯ ಅಂಚಿನಿಂದ ಶುರುಮಾಡಿ, ತುಂಡಿನ ಅಂಚನ್ನು ಒಳಗೆ ಮಡಚುತ್ತ, ಸಾಲುಹೊಲಿಗೆ ಹಾಕುತ್ತ, ಸುತ್ತು ಸುತ್ತಾಗಿ ನಡುವಿನ ಕಡೆಗೆ ಬರುತ್ತಾರೆ. ತುಂಡು ಕೂಡುವುದೂ ಪದರಗಳು ಕೂಡುವುದೂ ಒಂದೇ ಹೊಲಿಗೆಯಲ್ಲಿ ಆಗುತ್ತದೆ. ಯಾವ ಸುತ್ತಿನಲ್ಲಿ ಸೂಜಿ ನಿಲ್ಲಿಸಿದರೂ ಅಲ್ಲಿಯವರೆಗಿನ ಭಾಗ ಪೂರ್ತಿಯಾಗಿರುತ್ತದೆ. ದಿನಕ್ಕೆ ಹತ್ತು ಸಲ ಎದ್ದು ಹೋಗಬೇಕಾದವರಿಗೆ ಇದಕ್ಕಿಂತ ಹೊಂದುವ ಹೊಲಿಗೆಯನ್ನು ನಾನು ಕಂಡಿಲ್ಲ.

ಇನ್ನು ತೋಟಕ್ಕೆ ಬರುತ್ತೇನೆ. ಬಟ್ಟೆ ಕಾಯುತ್ತದೆ, ಗಿಡ ಕಾಯುವುದಿಲ್ಲ. ಟ್ರೇಯಲ್ಲಿ ಬೆಳೆಸಿದ ಸಸಿಯನ್ನು ಹೊತ್ತಿಗೆ ನೆಡದಿದ್ದರೆ ಬೇರು ಗೋಡೆಗೆ ತಾಗಿ ಸುತ್ತಿಕೊಳ್ಳತೊಡಗುತ್ತದೆ. ಮೇಲ್ನೋಟಕ್ಕೆ ಎಲೆ ಹಸಿರಾಗಿಯೇ ಇರುತ್ತದೆ, ಕಿತ್ತು ನೋಡಿದರೆ ಬೇರಿನ ಬಿಳಿ ಎಳೆಗಳು ಬುಡದಲ್ಲಿ ಚಾಪೆಯಂತೆ ಹೆಣೆದುಕೊಂಡಿರುತ್ತವೆ. ಹಾಗೇ ನೆಟ್ಟರೆ ಅದು ಮಣ್ಣಿನಲ್ಲಿಯೂ ಬಹಳ ಕಾಲ ಸುತ್ತುತ್ತಲೇ ಇರುತ್ತದೆ, ಹೊರಗೆ ಚಾಚುವುದಿಲ್ಲ. ಹುರುಳಿಕಾಯಿ, ಬೆಂಡೆ, ಸೌತೆ ಇವುಗಳನ್ನು ಎಳೆಯ ಕಾಯಿ ಇರುವಾಗಲೇ ಕೀಳದೆ ಬಿಟ್ಟರೆ ಗಿಡದ ಶಕ್ತಿ ಬೀಜ ಬಲಿಸುವುದರತ್ತ ಹೋಗಿ ಹೊಸ ಹೂ ಕಡಿಮೆಯಾಗುತ್ತದೆ. ಕಳೆ ಹೂ ಬಿಡುವ ಮುಂಚೆ ಕಿತ್ತರೆ ಹತ್ತು ನಿಮಿಷದ ಕೆಲಸ, ಬೀಜ ಉದುರಿದ ಮೇಲೆ ವರ್ಷಗಟ್ಟಲೆ ಕೆಲಸ. ಹಾಗಾಗಿ ಎರಡೂ ಒಟ್ಟಿಗೆ ಕರೆದಾಗ ತೋಟಕ್ಕೇ ಮೊದಲು ಹೋಗಬೇಕು. ಈ ವಿಷಯದಲ್ಲಿ ನನಗೆ ಯಾವ ಸಂಶಯವೂ ಇಲ್ಲ. ಕೌದಿ ಒಂದು ಋತು ಹಿಂದೆ ಬಿದ್ದರೆ ಏನೂ ಕೆಡುವುದಿಲ್ಲ. ಆದರೆ ಅದನ್ನು ಸರಿಯಾಗಿ ಎತ್ತಿಟ್ಟಿರಬೇಕು.

ತೋಟವೂ ನಮಗೆ ರಜೆ ಕೊಡುತ್ತದೆ, ನಾವು ತೆಗೆದುಕೊಳ್ಳುವುದಿಲ್ಲ ಅಷ್ಟೇ. ಮಳೆ ಸುರಿದು ಮಣ್ಣು ಹಸಿಯಾಗಿರುವಾಗ ಪಾತಿಯಲ್ಲಿ ಓಡಾಡಿದರೆ, ಅಗೆದರೆ, ಮಣ್ಣು ಗಟ್ಟಿಯಾಗಿ ಬೇರಿಗೆ ಗಾಳಿ ಸಿಗದಂತಾಗುತ್ತದೆ. ಹುರುಳಿಕಾಯಿಯಂಥ ಗಿಡಗಳ ಎಲೆ ಒದ್ದೆಯಿರುವಾಗ ಮುಟ್ಟಿದರೆ ರೋಗ ನಮ್ಮ ಕೈಯಿಂದಲೇ ಗಿಡದಿಂದ ಗಿಡಕ್ಕೆ ಹರಡುತ್ತದೆ. ಮಳೆಯ ದಿನ ತೋಟಕ್ಕೆ ಇಳಿಯದೇ ಇರುವುದು ತೋಟಕ್ಕೂ ಒಳ್ಳೆಯದು. ಆ ದಿನ ಯಾವ ಅಳುಕೂ ಇಲ್ಲದೆ ಬಟ್ಟೆಯ ಮುಂದೆ ಕುಳಿತುಕೊಳ್ಳಿ.

ದಿನದ ಲೆಕ್ಕದಲ್ಲಿ ಇವೆರಡರ ನಡುವೆ ನಿಜವಾದ ಜಗಳ ನಡೆಯುವುದು ಬೆಳಕಿಗಾಗಿ. ಬಣ್ಣ ನೋಡಲು ಹಗಲು ಬೇಕು, ಗಿಡ ನೋಡಲೂ ಹಗಲೇ ಬೇಕು. ನನಗೆ ಕೈಗೂಡಿದ ಹೊಂದಾಣಿಕೆ ಹೀಗಿದೆ: ಬಿಸಿಲೇರುವ ಮುಂಚಿನ ತಂಪು ಹೊತ್ತು ನೀರು, ಕಳೆ, ಕೊಯ್ಲಿಗೆ. ಬಿಸಿಲು ನೆತ್ತಿಗೆ ಬಂದು ಹೊರಗೆ ನಿಲ್ಲಲಾಗದ ಹೊತ್ತಿನಲ್ಲಿ ಒಳಗೆ ಕಿಟಕಿಯ ಬಳಿ ಬೆಳಕು ಚೆನ್ನಾಗಿರುತ್ತದೆ, ಅದು ಬಣ್ಣ ಹೊಂದಿಸಲು ಮತ್ತು ಕತ್ತರಿಸಲು. ದೀಪ ಹಚ್ಚಿದ ಮೇಲೆ ಕೈಹೊಲಿಗೆ. ಪ್ರತಿದಿನ ಹೀಗೆಯೇ ನಡೆಯುತ್ತದೆ ಎಂದಲ್ಲ. ಆದರೆ ಕಿಟಕಿಯ ಬೆಳಕು ಕೈಹೊಲಿಗೆಗೆ ಖರ್ಚಾಗಿ, ರಾತ್ರಿ ದೀಪದಲ್ಲಿ ಬಣ್ಣ ಹುಡುಕುವ ಪಾಡು ತಪ್ಪುತ್ತದೆ.

ಕೈಯ ವಿಚಾರವನ್ನೂ ಹೇಳಿಬಿಡುತ್ತೇನೆ. ಗಿಡ ಸವರುವ ಕತ್ತರಿ, ಚಕ್ರದಂಥ ಅಲಗಿನಿಂದ ಬಟ್ಟೆ ಕತ್ತರಿಸುವ ಉರುಳು ಕತ್ತರಿ, ಸೂಜಿ ಹಿಡಿದ ಬೆರಳು, ಮೂರೂ ಹೆಬ್ಬೆರಳಿನ ಬುಡದ ಗಂಟನ್ನೇ ದುಡಿಸುತ್ತವೆ. ಗಿಡಗಳನ್ನೆಲ್ಲ ಸವರಿದ ದಿನ ಸಂಜೆ ದಪ್ಪ ಪದರಕ್ಕೆ ಸೂಜಿ ಹಾಕಬೇಡಿ. ಆ ದಿನ ಇಸ್ತ್ರಿ ಮಾಡಿ, ತುಂಡುಗಳನ್ನು ವಿಂಗಡಿಸಿ, ಇಲ್ಲವೇ ಸುಮ್ಮನೆ ನೋಡುತ್ತ ಕೂತಿರಿ. ಮಣ್ಣಿನ ಕೆಲಸದಿಂದ ಒರಟಾದ ಬೆರಳು ನುಣುಪು ಬಟ್ಟೆಯ ಎಳೆ ಕೀಳುತ್ತದೆ, ಆದ್ದರಿಂದ ಕೈಗವಸು ಹಾಕಿಕೊಳ್ಳುವುದು ಬಟ್ಟೆಯ ಹಿತಕ್ಕೂ ಒಳ್ಳೆಯದು. ಕೈಗೆ ಎಣ್ಣೆಯೋ ಕ್ರೀಮೋ ಹಚ್ಚಿದರೆ ಅದು ಪೂರ್ತಿ ಹೀರಿಕೊಳ್ಳುವವರೆಗೆ ಕೌದಿ ಮುಟ್ಟಬಾರದು.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಮೇಜಿನ ಮೇಲೆ ಒಂದು ಬಟ್ಟೆಯ ಚೀಲ ಇಟ್ಟಿದ್ದೇನೆ. ಅರ್ಧಕ್ಕೆ ನಿಲ್ಲಿಸಿರುವ ಕೌದಿಯದು. ಒಳಗಿರುವುದನ್ನು ಒಂದೊಂದಾಗಿ ತೆಗೆಯುತ್ತೇನೆ. ಇದು ಹೊಲಿದು ಮುಗಿದ ಒಂದು ಬ್ಲಾಕ್, ಅಂದರೆ ತುಂಡುಗಳನ್ನು ಕೂಡಿಸಿ ಮಾಡಿದ ಒಂದು ಚೌಕ, ಮಾದರಿಗೆಂದು ಉಳಿಸಿಕೊಂಡದ್ದು. ಇವು ಕತ್ತರಿಸಿದ ತುಂಡುಗಳು, ಸಾಲು ಸಾಲಾಗಿ ದಾರದಲ್ಲಿ ಪೋಣಿಸಿವೆ. ಪ್ರತಿ ಸಾಲಿನ ಎಡ ತುದಿಯಲ್ಲಿ ಸಂಖ್ಯೆ ಬರೆದ ಬಟ್ಟೆಯ ಚೂರು ಇದೆ. ಗುಂಡುಸೂಜಿ ಚುಚ್ಚಿಲ್ಲ, ದಾರದ ಒಂದು ಹೊಲಿಗೆ ಹಾಕಿದ್ದೇನೆ. ಇದು ಹೊಲಿಯುತ್ತಿದ್ದ ದಾರದ ಉಂಡೆ. ಅದೇ ಬಣ್ಣ ಇನ್ನೊಂದು ಸಲ ಅಂಗಡಿಯಲ್ಲಿ ಸಿಗುತ್ತದೆ ಎಂದು ನಂಬುವಂತಿಲ್ಲ, ಬಣ್ಣ ಹಾಕಿದ ಸರದಿ ಬದಲಾದರೆ ಛಾಯೆಯೂ ಬದಲಾಗುತ್ತದೆ. ಅಂಚುಪಟ್ಟಿಗೆ ಬೇಕಾದ ಬಟ್ಟೆಯೂ ಇಲ್ಲಿಯೇ ಇದೆ. ಇಲ್ಲದಿದ್ದರೆ ಅದು ಬೇರೆ ಯಾವುದೋ ಕೌದಿಯೊಳಗೆ ಸೇರಿಹೋಗುತ್ತದೆ. ಕೊನೆಯದು ಈ ಕಾರ್ಡು. ಇದರಲ್ಲಿ ಬರೆದಿರುವುದನ್ನು ಓದುತ್ತೇನೆ: 'ನಾಲ್ಕನೆಯ ಸಾಲು ಮುಗಿದಿದೆ. ಐದನೆಯದರಲ್ಲಿ ಹಳದಿ ಎಡಕ್ಕೆ ಬರಬೇಕು. ಹೊಲಿಗೆಯ ಅಂಚು ಕಾಲು ಇಂಚು, ಸೂಜಿ ನಡುವಿನ ಸ್ಥಾನದಲ್ಲಿ. ಮುಂದಿನ ಕೆಲಸ: ಐದನೆಯದನ್ನು ಹೊಲಿದು ನಾಲ್ಕಕ್ಕೆ ಕೂಡಿಸುವುದು.'

ಈ ಕಾರ್ಡಿನ ಕೊನೆಯ ಸಾಲಿಗೆ ಬಹಳ ಬೆಲೆಯಿದೆ. 1927ರಲ್ಲಿ ಬರ್ಲಿನ್ನಿನಲ್ಲಿದ್ದ ಮನೋವಿಜ್ಞಾನಿ ಬ್ಲೂಮಾ ಝೈಗಾರ್ನಿಕ್ ಅವರು, ಮುಗಿದ ಕೆಲಸಕ್ಕಿಂತ ನಡುವೆ ತಡೆದ ಕೆಲಸ ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ ಎಂದು ಪ್ರಯೋಗಗಳ ಮೂಲಕ ಹೇಳಿದರು. ಆಮೇಲೆ ಬೇರೆಯವರು ಮಾಡಿದ ಪ್ರಯೋಗಗಳಲ್ಲಿ ಆ ಫಲಿತಾಂಶ ಎಲ್ಲ ಸಲವೂ ಬರಲಿಲ್ಲ. ಅವರ ಜೊತೆಗಾರ್ತಿ ಮರಿಯಾ ಒವ್ಸಿಯಾಂಕಿನಾ 1928ರಲ್ಲಿ ಕಂಡದ್ದು ನಮಗೆ ಇನ್ನೂ ಹತ್ತಿರದ್ದು: ಕೆಲಸವನ್ನು ನಡುವೆ ತಡೆದು ಜನರನ್ನು ಅವರ ಪಾಡಿಗೆ ಬಿಟ್ಟರೆ, ಯಾರೂ ಹೇಳದಿದ್ದರೂ ಹೆಚ್ಚಿನವರು ಅದೇ ಕೆಲಸವನ್ನು ತಾವಾಗಿಯೇ ಮತ್ತೆ ಕೈಗೆತ್ತಿಕೊಂಡರು. ಅಂದರೆ ಮರಳಿ ಹೋಗುವ ಸೆಳೆತ ನಮ್ಮಲ್ಲಿಯೇ ಇದೆ. ನಾವು ಮಾಡಬೇಕಾದದ್ದು ಆ ದಾರಿಗೆ ಅಡ್ಡ ಬಂದದ್ದನ್ನು ತೆಗೆಯುವುದು ಮಾತ್ರ. 2011ರಲ್ಲಿ ಮಾಸಿಕಾಂಪೊ ಮತ್ತು ಬೌಮೈಸ್ಟರ್ ಎಂಬ ಸಂಶೋಧಕರು ಇನ್ನೊಂದು ಸಂಗತಿ ತೋರಿಸಿದರು. ಈಡೇರದ ಗುರಿಯ ಯೋಚನೆ ಬೇರೆ ಕೆಲಸದ ನಡುವೆ ತಲೆ ಹಾಕುತ್ತಿರುತ್ತದೆ. ಆದರೆ ಅದನ್ನು ಹೇಗೆ, ಯಾವಾಗ ಮಾಡುತ್ತೇವೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೆ, ಕೆಲಸ ಮುಗಿಯದಿದ್ದರೂ ಆ ಕಾಟ ನಿಲ್ಲುತ್ತದೆ. ಈ ಕಾರ್ಡಿನ ಕೊನೆಯ ಸಾಲು ಮಾಡುವ ಕೆಲಸ ಅದೇ. ಕಳೆ ಕೀಳುವಾಗ ಕೌದಿ ಬೆನ್ನು ಬೀಳುವುದಿಲ್ಲ, ಅನ್ನಕ್ಕಿಟ್ಟು ನಿಂತಾಗ ಬೆನ್ನು ಬೀಳುವುದಿಲ್ಲ.

'ಕಾಲು ಇಂಚು, ಸೂಜಿ ನಡುವಿನ ಸ್ಥಾನದಲ್ಲಿ' ಎಂದು ಯಾಕೆ ಬರೆಯಬೇಕು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿ. ಹೊಲಿಗೆಯ ಅಂಚಿಗೆ ಬಿಡುವ ಕಾಲು ಇಂಚು ಎಂದರೆ ಸುಮಾರು 6 ಮಿಲಿಮೀಟರ್. ಮತ್ತೆ ಶುರುಮಾಡಿದಾಗ ಬಟ್ಟೆಯನ್ನು ಒತ್ತಿ ಹಿಡಿಯುವ ಯಂತ್ರದ ಪಾದ ಬೇರೆಯಾಗಿಯೋ ಸೂಜಿ ಸ್ವಲ್ಪ ಸರಿದೋ ಅದು 7 ಆಯಿತು ಎನ್ನೋಣ. ಒಂದು ಹೊಲಿಗೆ ಎರಡೂ ಬದಿಯ ಬಟ್ಟೆಯಿಂದ 1 ಮಿಲಿಮೀಟರ್ ಹೆಚ್ಚು ತಿನ್ನುತ್ತದೆ, ಒಟ್ಟು 2. ಹತ್ತು ತುಂಡುಗಳ ಸಾಲಿನಲ್ಲಿ ಒಂಬತ್ತು ಹೊಲಿಗೆ. ಹೊಸ ಸಾಲು ಹಳೆಯ ಸಾಲಿಗಿಂತ 18 ಮಿಲಿಮೀಟರ್ ಗಿಡ್ಡವಾಗುತ್ತದೆ. ಎರಡು ಸಾಲು ಕೂಡಿಸಲು ಹೋದಾಗ ಮೂಲೆಗಳು ಒಂದಕ್ಕೊಂದು ಸೇರುವುದಿಲ್ಲ. 'ಇದು ನನ್ನ ಕೈಲಾಗದು' ಎಂದು ಅನೇಕರು ಕೌದಿಯನ್ನು ಶಾಶ್ವತವಾಗಿ ಕೈಬಿಡುವುದು ಇಲ್ಲಿಯೇ. ಅವರ ಕೈಯಲ್ಲಿ ಯಾವ ಕೊರತೆಯೂ ಇರುವುದಿಲ್ಲ. ಒಂದು ಸಾಲು ಬರೆದಿಡದೇ ಹೋದದ್ದಕ್ಕೆ ಒಂದು ಕೌದಿ ಹೋಗುತ್ತದೆ.

ಬಟ್ಟೆಯ ಜೊತೆ ಕಾಗದ ಉಳಿದರೆ ಎಷ್ಟು ಕಾಲದ ಮಾತನ್ನು ಹೇಳಬಲ್ಲದು ಎನ್ನುವುದಕ್ಕೆ ಒಂದು ನಿದರ್ಶನ. ಕಾಗದದ ಅಚ್ಚಿನ ಮೇಲೆ ಬಟ್ಟೆ ಮಡಚಿ ಕೈಯಲ್ಲಿ ಜೋಡಿಸುವ ಪದ್ಧತಿ ನಿಮಗೆ ಗೊತ್ತೇ ಇದೆ. ಬ್ರಿಟನ್ನಿನಲ್ಲಿ 1718 ಎಂದು ಇಸವಿ ಹೊಲಿದಿರುವ ರೇಷ್ಮೆಯ ಹಾಸೊಂದು ಉಳಿದಿದೆ. ಇಸವಿ ನಮೂದಾಗಿರುವ ಅಲ್ಲಿನ ತುಂಡುಜೋಡಣೆಗಳಲ್ಲಿ ಅದೇ ಅತ್ಯಂತ ಹಳೆಯದೆಂದು ತಿಳಿದಿರುವುದು. ಅದರ ಕಾಗದದ ಅಚ್ಚುಗಳು ಇವತ್ತಿಗೂ ಒಳಗೇ ಇವೆ. ಸಾಮಾನ್ಯವಾಗಿ ಕೆಲಸ ಮುಗಿದಾಗ ಅಚ್ಚುಗಳನ್ನು ಕಿತ್ತುಹಾಕುತ್ತಾರೆ. ಹೆಚ್ಚಾಗಿ ಮುಗಿಯದೆ ನಿಂತ ಹಳೆಯ ಜೋಡಣೆಗಳಲ್ಲಿ ಅವು ಉಳಿಯುತ್ತವೆ. ಹಳೆಯ ಪತ್ರ, ಲೆಕ್ಕದ ಪುಸ್ತಕ, ಪತ್ರಿಕೆಗಳಿಂದ ಕತ್ತರಿಸಿದ ಆ ಚೂರುಗಳನ್ನು ಓದಿಯೇ ಇತಿಹಾಸಕಾರರು ಆ ಬಟ್ಟೆ ಯಾವ ಕಾಲದ್ದೆಂದು ಗುರುತಿಸುತ್ತಾರೆ. ಯಾರೋ ಒಬ್ಬಾಕೆ ಮುಗಿಸದೇ ಹೋದದ್ದರಿಂದ ಅವಳ ಕಾಲ ನಮಗೆ ಸಿಕ್ಕಿದೆ. ಮುಗಿಯದ ಕೆಲಸವನ್ನು ಹೀನಾಯವಾಗಿ ಕಾಣುವವರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಬಟ್ಟೆ ಕಾಯುತ್ತದೆ ಎಂದೆ. ಆದರೆ ಕಾಯುವಾಗಲೂ ಅದಕ್ಕೆ ಕೆಲವು ಅಪಾಯಗಳಿವೆ. ಎಲ್ಲಕ್ಕಿಂತ ದೊಡ್ಡದು ತುಕ್ಕು. ಪದರಗಳನ್ನು ಹಿಡಿದಿಡಲು ಹಾಕಿದ ಸೇಫ್ಟಿ ಪಿನ್ನುಗಳನ್ನು ಒಂದು ಮಳೆಗಾಲ ಹಾಗೇ ಬಿಟ್ಟರೆ ಪ್ರತಿ ಪಿನ್ನಿನ ಜಾಗದಲ್ಲಿ ಕಂದು ಚುಕ್ಕೆ ಬೀಳಬಹುದು. ಆ ಕಲೆ ಸೋಪಿಗೆ ಹೋಗುವುದಿಲ್ಲ, ಕ್ಲೋರಿನ್ ಬ್ಲೀಚ್ ಹಾಕಿದರೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ತಿಂಗಳುಗಟ್ಟಲೆ ಬಿಡುವುದಾದರೆ ಪಿನ್ನು ತೆಗೆದು ದಾರದ ಕಚ್ಚಾ ಹೊಲಿಗೆ ಹಾಕಿ. ಸೂಜಿಯನ್ನು ಬಟ್ಟೆಯಲ್ಲಿ ಎಂದಿಗೂ ಬಿಡಬೇಡಿ. ಮಡಿಕೆಯ ಜಾಗದಲ್ಲಿ ಎಳೆ ಸವೆಯುತ್ತದೆ, ಆದ್ದರಿಂದ ಆದಷ್ಟು ಸುತ್ತಿಡಿ. ಮಡಚಲೇಬೇಕಾದರೆ ಆಗಾಗ ಬೇರೆ ಗೆರೆಯಲ್ಲಿ ಮಡಚಿ. ಬರಿ ಮರದ ಹಲಗೆಗೆ ತಾಗಿದ ಬಟ್ಟೆ ಕಾಲಕ್ರಮದಲ್ಲಿ ಹಳದಿಯಾಗುತ್ತದೆ, ಪ್ಲಾಸ್ಟಿಕ್ ಚೀಲದಲ್ಲಿ ತೇವ ಸಿಕ್ಕಿಕೊಳ್ಳುತ್ತದೆ. ಹಳೆಯ ಹತ್ತಿ ದಿಂಬಿನ ಚೀಲ ಸಾಕು.

ಊಟದ ಮೇಜೇ ಹೊಲಿಗೆಯ ಮೇಜೂ ಆಗಿರುವ ಮನೆಗಳಲ್ಲಿ ದಿನಕ್ಕೆ ಮೂರು ಸಲ ಎಲ್ಲವನ್ನೂ ಎತ್ತಬೇಕು. ಅದಕ್ಕೆ ಫ್ಲಾನೆಲ್ ಬಟ್ಟೆಯ ದೊಡ್ಡ ತುಂಡು ಇಟ್ಟುಕೊಳ್ಳಿ. ಹತ್ತಿಯ ತುಂಡುಗಳು ಅದರ ಮೇಲೆ ಜಾರದೆ ಅಂಟಿಕೊಂಡಂತೆ ನಿಲ್ಲುತ್ತವೆ. ಹರಡಿದ್ದನ್ನು ಹಾಗೆಯೇ ಸುರುಳಿ ಸುತ್ತಿ ಮೂಲೆಗೆ ನಿಲ್ಲಿಸಿ, ಊಟವಾದ ಮೇಲೆ ಬಿಚ್ಚಬಹುದು. ಸುತ್ತುವ ಮುಂಚೆ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಳ್ಳಿ.

ತೋಟವನ್ನೂ ಹೀಗೆ ಎತ್ತಿಡಬಹುದೇ ಎಂದರೆ, ಸ್ವಲ್ಪ ಮಟ್ಟಿಗೆ ಹೌದು. ಊರಿಗೆ ಹೋಗುವ ಮುಂಚೆ, ಕಾಯಿಲೆಯವರನ್ನು ನೋಡಿಕೊಳ್ಳುವ ವಾರಗಳ ಮುಂಚೆ, ಪಾತಿಗೆ ಚೆನ್ನಾಗಿ ನೀರುಣಿಸಿ ತರಗೆಲೆಯನ್ನೋ ಒಣಹುಲ್ಲನ್ನೋ 5ರಿಂದ 8 ಸೆಂಟಿಮೀಟರ್ ದಪ್ಪ ಹೊದಿಸಿ. ಕಾಂಡಕ್ಕೆ ತಾಗಿಸಬೇಡಿ, ಕೊಳೆಯುತ್ತದೆ. ತೇವ ಆರುವುದು ನಿಧಾನವಾಗುತ್ತದೆ, ಬೆಳಕು ಸಿಗದೆ ಕಳೆಯ ಬೀಜ ಮೊಳೆಯುವುದು ಕಡಿಮೆಯಾಗುತ್ತದೆ. ಬಲಿತದ್ದು, ಬಲಿಯಲಿರುವುದು ಎಲ್ಲವನ್ನೂ ಕೊಯ್ದುಬಿಡಿ. ಖಾಲಿ ಮಡಿಗೂ ಹೊದಿಕೆ ಹಾಕಿ ಬಿಡಿ, ಅದರಲ್ಲಿ ಏನನ್ನಾದರೂ ಬೆಳೆಯಲೇಬೇಕೆಂಬ ಹಟ ಬೇಡ. ಬದುಕು ಬಿಗಿಯಾಗಿರುವ ವರ್ಷದಲ್ಲಿ ಬಹುವಾರ್ಷಿಕ ಗಿಡಗಳಿಗೆ ಹೆಚ್ಚು ಜಾಗ ಕೊಟ್ಟು, ವಾರವಾರ ಬಿತ್ತುವ ಸೊಪ್ಪನ್ನು ಎರಡೇ ಕುಂಡಕ್ಕೆ ಇಳಿಸಿದರೂ ತೋಟ ತೋಟವಾಗಿಯೇ ಇರುತ್ತದೆ.

ನಮ್ಮ ಅತ್ತೆಯವರ ಕೌದಿಯ ವಿಷಯವನ್ನು ಇಲ್ಲಿ ಹೇಳಬೇಕು. ಅವರು ತೀರಿಕೊಂಡ ಮೇಲೆ ಪೆಟ್ಟಿಗೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊಲಿದ ಒಂದು ಕೌದಿ ಸಿಕ್ಕಿತು. ಉಳಿದ ತುಂಡುಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಅಡುಕಿ, ಬಟ್ಟೆಯ ಅಂಚಿನ ಪಟ್ಟಿಯಿಂದ ಕಟ್ಟಿದ್ದರು. ಹೊಲಿಗೆ ಒಂದು ಸಾಲಿನ ಕೊನೆಗೆ ಬಂದು ನಿಂತಿತ್ತು, ನಡುಸಾಲಿನಲ್ಲಿ ಅಲ್ಲ. ಸೂಜಿ ಮಾತ್ರ ಬಟ್ಟೆಯಲ್ಲಿಯೇ ಇತ್ತು, ಅದರ ಸುತ್ತ ತುಕ್ಕಿನ ಸಣ್ಣ ಗೆರೆ. ಮರುದಿನವೇ ಮುಂದುವರಿಸುವ ಯೋಚನೆಯಲ್ಲಿದ್ದರೆಂದು ಅದರಿಂದ ಗೊತ್ತಾಯಿತು. ಅವರ ಹೊಲಿಗೆ ಸಣ್ಣದು, ತುಸು ಎಡಕ್ಕೆ ಓರೆ. ನನ್ನದು ನೇರ, ಸ್ವಲ್ಪ ಉದ್ದ. ಮನೆಯಲ್ಲಿ ಎರಡು ಮಾತು ಬಂತು: ಹಾಗೆಯೇ ಇಡೋಣ ಎಂದು ಒಂದು, ಪೂರ್ತಿ ಬಿಚ್ಚಿ ಒಂದೇ ಕೈಯಲ್ಲಿ ಹೊಲಿದರೆ ಚೆಂದ ಎಂದು ಇನ್ನೊಂದು. ನಾನು ಅವರು ನಿಲ್ಲಿಸಿದ ಸಾಲಿನ ಮುಂದಿನಿಂದ ನನ್ನದೇ ಹೊಲಿಗೆಯಲ್ಲಿ ಮುಂದುವರಿಸಿದೆ. ಅವರ ಓರೆಯನ್ನು ಅನುಕರಿಸಲು ಹೋಗಲಿಲ್ಲ. ಬೆರಳಾಡಿಸಿದರೆ ಅವರ ಕೈ ಎಲ್ಲಿ ಮುಗಿದು ನನ್ನದು ಎಲ್ಲಿ ಶುರುವಾಯಿತು ಎಂದು ಕತ್ತಲಲ್ಲೂ ತಿಳಿಯುತ್ತದೆ. ಆ ಗೆರೆ ಕಾಣಬೇಕು ಎಂದೇ ನನ್ನ ಅಭಿಪ್ರಾಯ. ಇನ್ನೊಬ್ಬರ ಕೌದಿಯನ್ನು ಮುಗಿಸುವವರು ಮೊದಲ ಕೈಯ ಹೊಲಿಗೆಯನ್ನು ಬಿಚ್ಚಬಾರದು.

ಮಣ್ಣಿನಲ್ಲಿ ದುಡಿಯುವವರ ಬಟ್ಟೆಯೇ ಕೌದಿಯಾಗುವುದು ಲೋಕದ ಎಲ್ಲೆಡೆ ಇದೆ. ಅಮೆರಿಕದ ಅಲಬಾಮಾದ ಗೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಂಗಸರು ಹತ್ತಿ ಹೊಲದಲ್ಲಿ ದುಡಿಯುತ್ತ, ಬಿಡುವಿನಲ್ಲಿ ಸವೆದ ಬಟ್ಟೆಗಳಿಂದ ಕೌದಿ ಹೊಲಿಯುತ್ತಿದ್ದರು. 1942ರಲ್ಲಿ ಮಿಸೌರಿ ಪೆಟ್ವೇ ತೀರಿಹೋದ ಗಂಡನ ದುಡಿಮೆಯ ಬಟ್ಟೆಗಳನ್ನೇ ಬಿಡಿಸಿ, ಅವನ ನೆನಪಿಗೆಂದು ಒಂದು ಕೌದಿ ಮಾಡಿದರು. 2002ರಲ್ಲಿ ಹ್ಯೂಸ್ಟನ್ನಿನ ಲಲಿತಕಲಾ ಸಂಗ್ರಹಾಲಯ, ಆಮೇಲೆ ನ್ಯೂಯಾರ್ಕಿನ ವಿಟ್ನಿ ಸಂಗ್ರಹಾಲಯ ಆ ಹಳ್ಳಿಯ ಕೌದಿಗಳನ್ನು ಗೋಡೆಯ ಮೇಲೆ ತೂಗುಹಾಕಿ ಪ್ರದರ್ಶಿಸಿದವು. ಅವರಿಗೆ ಯಾರೂ ಹೊಲಿಯಲೆಂದು ಹೊತ್ತು ಕೊಟ್ಟಿರಲಿಲ್ಲ. ಹೊಲ, ಮನೆ, ಮಕ್ಕಳ ನಡುವೆ ಎತ್ತಿಟ್ಟು, ಮತ್ತೆ ತೆಗೆದು, ಹಾಗೆಯೇ ಹೊಲಿದವರು. ಹೊತ್ತು ಸಿಕ್ಕ ಮೇಲೆ ಮಾಡುತ್ತೇನೆ ಎನ್ನುವವರು ಆ ಕೌದಿಗಳ ಚಿತ್ರಗಳನ್ನು ಒಮ್ಮೆ ನೋಡಬೇಕು.

ಎಲ್ಲವನ್ನೂ ಮುಂದುವರಿಸಬೇಕೇ? ಬೇಡ. ಈ ಬಟ್ಟೆ ಇವತ್ತು ಹೊಸದಾಗಿ ಕೈಗೆ ಬಂದರೆ ಇದನ್ನು ಶುರುಮಾಡುತ್ತಿದ್ದೆನೇ ಎಂದು ಕೇಳಿಕೊಳ್ಳಿ. ಇಲ್ಲ ಎಂದಾದರೆ ಬಿಡಲು ಹಲವು ದಾರಿಗಳಿವೆ. ಮಂಚದ ಅಳತೆಗೆ ಯೋಚಿಸಿದ್ದನ್ನು ಆದಷ್ಟಕ್ಕೇ ನಿಲ್ಲಿಸಿ ಮಗುವಿನ ಹೊದಿಕೆ ಮಾಡಬಹುದು. ಹೊಲಿಯುವ ಉತ್ಸಾಹವಿರುವ ಇನ್ನೊಬ್ಬರಿಗೆ ಚೀಲ, ಕಾರ್ಡು ಸಮೇತ ಕೊಡಬಹುದು. ಸಾಲು ಸಾಲು ಹೊಲಿಗೆಯಿಂದ ಬೇಸತ್ತಿದ್ದರೆ ದಪ್ಪ ದಾರದಲ್ಲಿ ಅಲ್ಲಲ್ಲಿ ಗಂಟು ಹಾಕಿ ಮೂರು ಪದರವನ್ನು ಹಿಡಿದು ಮುಗಿಸಬಹುದು. ಗಂಟುಗಳ ಅಂತರಕ್ಕೆ ನಡುಪದರದ ಪೊಟ್ಟಣದ ಮೇಲೆ ಬರೆದಿರುವ ಅಳತೆಯನ್ನು ನೋಡಿ. ಬಿಡಿ ಹತ್ತಿಯನ್ನು ಹರಡಿದ್ದರೆ ಹೊಲಿಗೆ ಹತ್ತಿರ ಹತ್ತಿರ ಬೇಕು, ಇಲ್ಲದಿದ್ದರೆ ಒಗೆದಾಗ ಹತ್ತಿ ಸರಿದು ಗಡ್ಡೆ ಕಟ್ಟುತ್ತದೆ. ಇವತ್ತಿನ ಒತ್ತಿ ಹೆಣೆದ ಹಾಸುಗಳು ಹೆಚ್ಚು ಅಂತರವನ್ನು ತಡೆಯುತ್ತವೆ. ಬಿಡುವುದೆಂದು ತೀರ್ಮಾನಿಸಿದ್ದನ್ನು ಕಪಾಟಿನಲ್ಲಿ ಮತ್ತೆ ಇಡಬೇಡಿ, ಆ ವಾರವೇ ಮನೆಯಿಂದ ಕಳುಹಿಸಿ.

ಉಪನ್ಯಾಸದ ಕೊನೆಗೆ ಬಂದ ಎರಡು ಪ್ರಶ್ನೆಗಳನ್ನೂ ಇಲ್ಲಿ ಸೇರಿಸುತ್ತಿದ್ದೇನೆ.

ಒಬ್ಬರು ಕೇಳಿದರು: 'ಮೇಡಂ, ಮನೆಯಲ್ಲಿ ಹತ್ತಾರು ಬಿದ್ದಿವೆ. ನಾಳೆ ಯಾವುದರಿಂದ ಶುರುಮಾಡಲಿ?' ನಾಳೆ ಹೊಲಿಯಬೇಡಿ ಎಂದೆ. ಎಲ್ಲವನ್ನೂ ಹೊರತೆಗೆದು ಪಿನ್ನು, ಸೂಜಿ, ಅಂಟುಪಟ್ಟಿ ಇದ್ದರೆ ತೆಗೆಯಿರಿ, ಒಂದೊಂದಕ್ಕೂ ಕಾರ್ಡು ಬರೆಯಿರಿ. ಬರೆಯುವಾಗ ಯಾವುದರ ಮುಂದಿನ ಹೆಜ್ಜೆ ತಟ್ಟನೆ ಹೊಳೆಯುತ್ತದೋ ಅದು ಮೊದಲನೆಯದು.

ಇನ್ನೊಬ್ಬರದು ಚಿಕ್ಕ ಪ್ರಶ್ನೆ, ಆದರೆ ಬಹಳ ಜನಕ್ಕೆ ಬೇಕಾದದ್ದು. ನೀರಿಗೆ ಹೋಗುವ ನೀಲಿ ಪೆನ್ನಿನಿಂದ ಗೆರೆ ಎಳೆದು ವರ್ಷವಾಗಿರುವ ಮೇಲ್ಪದರವನ್ನು ಏನು ಮಾಡುವುದು? ಇಸ್ತ್ರಿ ಮಾತ್ರ ಮಾಡಬೇಡಿ, ಆ ಶಾಯಿ ಬಿಸಿಗೆ ಗಟ್ಟಿಯಾಗಿ ಕೂರುತ್ತದೆ. ಮೊದಲು ಸೋಪು ಹಾಕದ ತಣ್ಣೀರಿನಲ್ಲಿ ಇಡೀ ಬಟ್ಟೆಯನ್ನು ಮುಳುಗಿಸಿ, ನೀರು ಬದಲಾಯಿಸಿ ಇನ್ನೊಮ್ಮೆ ಮುಳುಗಿಸಿ, ನೆರಳಿನಲ್ಲಿ ಒಣಗಿಸಿ. ಮೇಲೆ ಮೇಲೆ ಒರೆಸಿದರೆ ಒಣಗಿದ ಮೇಲೆ ಗೆರೆ ಮರಳಿ ಕಾಣಿಸುತ್ತದೆ. ಬಿಸಿ ತಾಗಿಸಿದರೆ ಮಾಯವಾಗುವ ಪೆನ್ನು ಬೇರೆ ಜಾತಿಯದು, ಅದರ ಗೆರೆ ತೀವ್ರ ಚಳಿಯಲ್ಲಿ ಮತ್ತೆ ಮೂಡಬಹುದು. ಬಹಳ ಕಾಲ ಎತ್ತಿಡುವ ಸಂಭವವಿದ್ದರೆ ಇಡೀ ಬಟ್ಟೆಗೆ ಗೆರೆ ಎಳೆಯಬೇಡಿ. ಆ ದಿನ ಎಷ್ಟು ಹೊಲಿಯುತ್ತೀರೋ ಅಷ್ಟಕ್ಕೆ ಮಾತ್ರ ಎಳೆಯಿರಿ.